ಓರೆ ಲೇಬಲ್ಲಿನ ಬಾಟಲಿ

ಸುದೇಶ, ನೀನು ಪರ್ಮನೆಂಟ್ ಆದ ದಿನ ನಾವಿಬ್ಬರೂ ಕುಡಿದದ್ದು ನಿನ್ನಪ್ಪನ ಕಾರ್ಖಾನೆಯ ಬಿಯರ್ ಅಲ್ಲ. ಅದನ್ನು ಹದಿನೈದು ದಿನ ಮೊದಲೇ ನಾನೊಬ್ಬನೇ ಕುಡಿದು ಮುಗಿಸಿದ್ದೆ. ಆ ಬಾಟಲಿಯಲ್ಲಿ ನಾನು ತುಂಬಿಟ್ಟದ್ದು ದಾಸರಹಳ್ಳಿಯ ಯಾವ ವೈನ್ ಶಾಪಿನಲ್ಲಾದರೂ ಸಿಗುತ್ತಿದ್ದ ಸಾಮಾನ್ಯ ಬಿಯರ್.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಆಗಿನ ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ, 'ಸುದೇಶನ ಊರಿನ ಬಿಯರ್ ತೆರೆದೆವು' ಎಂದಿದೆ. ನನ್ನೊಬ್ಬನ ಕಣ್ಣಿಗೇ ಬೀಳುವ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ — ಆದ್ದರಿಂದ ಇನ್ನುಳಿದದ್ದನ್ನು ನೆನಪಿನಿಂದಲೇ ಹೇಳಬೇಕು, ಅದನ್ನು ಎಷ್ಟು ನಂಬಬಹುದೋ ತಿಳಿಯದೆ.

ದಾಸರಹಳ್ಳಿಗೆ ಇನ್ನೂ ಮೆಟ್ರೊ ಬಂದಿರಲಿಲ್ಲ. ನಾವಿಬ್ಬರೂ ಪೀಣ್ಯದ ಒಂದೇ ಕಾರ್ಖಾನೆಯಲ್ಲಿದ್ದೆವು. ಸೋಡಾ, ಜ್ಯೂಸ್ ಬಾಟಲಿಗಳಿಗೆ ತಗಡಿನ ಮುಚ್ಚಳ ಒತ್ತುವ ಯಂತ್ರಗಳನ್ನು ಮಾಡುತ್ತಿದ್ದರು. ನೀನು ಜೋಡಣೆಯಲ್ಲಿ, ನಾನು ಪರೀಕ್ಷಾ ವಿಭಾಗದಲ್ಲಿ. ಕೋಣೆಯೂ ಒಂದೇ.

ನಿನ್ನ ಮಾತೆಲ್ಲ ಅಪ್ಪನದೇ. ಕಾರವಾರದಿಂದ ಗಡಿ ದಾಟಿ ಗೋವಾದ ಸಣ್ಣ ಬಿಯರ್ ಕಾರ್ಖಾನೆಯೊಂದಕ್ಕೆ ಅವರು ಕೆಲಸಕ್ಕೆ ಹೋಗುತ್ತಿದ್ದರು. ಲೇಬಲ್ ಓರೆಯಾಗಿ ಅಂಟಿದ ಬಾಟಲಿಗಳನ್ನು ಶನಿವಾರ ಕೆಲಸಗಾರರಿಗೇ ಕೊಟ್ಟುಬಿಡುತ್ತಿದ್ದರಂತೆ. ಅಪ್ಪ ಮನೆಗೆ ತಂದು, ನಿನ್ನಮ್ಮ, ನಿನ್ನ ಬಾಯಲ್ಲಿ ಆಯಿ, ಬೈಯುತ್ತಿದ್ದರೂ ನಿನಗೊಂದು ಮುಚ್ಚಳದಷ್ಟು ಕೊಡುತ್ತಿದ್ದರು. ಕೊನೆಗೆ ನಾಲಿಗೆಯ ಹಿಂದೆ ಅಕ್ಕಿ ತೊಳೆದ ನೀರಿನಂಥ ಒಂದು ತಂಪು ಉಳಿಯುತ್ತದೆ, ಬೆಂಗಳೂರಿನ ಯಾವ ಬಿಯರಿಗೂ ಅದಿಲ್ಲ ಎನ್ನುತ್ತಿದ್ದೆ. ಅಪ್ಪ ತೀರಿಕೊಂಡರು, ಅದೇ ವರ್ಷ ಆ ಕಾರ್ಖಾನೆಯೂ ಮುಚ್ಚಿತು. ಕೊನೆಯ ಬಾಟಲಿಗಳಲ್ಲಿ ಒಂದನ್ನು ನೀನು ಗೋವಾದಿಂದ ಒಣ ಸೀಗಡಿಯ ಗಂಟಿನೊಳಗೆ ಹುದುಗಿಸಿ ತಂದೆ. ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಪೊಲೀಸನಿಗೆ, "ಕೈ ಹಾಕಿ ನೋಡಿ ಸಾರ್, ನಾಲ್ಕು ದಿನ ಊಟ ಬೇಕಾಗಲ್ಲ" ಎಂದೆಯಂತೆ. ಆತ ಮೂಗು ಮುಚ್ಚಿಕೊಂಡು ಮುಂದೆ ಹೋದನಂತೆ. ಅದನ್ನು ಹೇಳಿ ನೀನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆಮೇಲೆ ನೀನು ಚೌತಿಗೆ ಊರಿಗೆ ಹೊರಟೆ. ಬಾಟಲಿ ನಿನ್ನ ಟ್ರಂಕಿನಲ್ಲೇ ಉಳಿಯಿತು. "ಪರ್ಮನೆಂಟ್ ಆದ ದಿನ ತೆಗೆಯೋದು. ಮುಟ್ಟಿದ್ರೆ ನೋಡು ಮಗನೇ," ಎಂದು ನನ್ನ ಬೆನ್ನಿಗೊಂದು ಗುದ್ದಿದ್ದೆ.

ಮೂರು ದಿನ ರಜೆ. ಬೀದಿಯಲ್ಲಿ ಎಲ್ಲರೂ ಊರಿಗೆ ಹೋಗಿದ್ದರು. ನನಗೆ ಹೋಗಲು ಊರಿರಲಿಲ್ಲ. ನಾನು ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ನನ್ನಪ್ಪ ನಿವೃತ್ತರಾದ ತಿಂಗಳೇ ಬೇರೆಯವರು ಬಂದು ಗೋಡೆಗೆ ಬಣ್ಣ ಬಳಿದರು. ನನಗೂ ಒಂದು ರುಚಿ ಇದೆಯೇ ಎಂದು ರಜೆಯ ಕೊನೆಯ ಮಧ್ಯಾಹ್ನ ಕೂತು ಹುಡುಕಿದೆ. ಸಿಗಲಿಲ್ಲ. ನೀನು ಹೇಳುವುದೆಲ್ಲ ಕಟ್ಟುಕತೆಯಿರಬೇಕು, ನೋಡಿಯೇ ಬಿಡೋಣ — ಹೀಗೆಂದುಕೊಂಡೆ ಎಂದು ಈಗ ಅನ್ನಿಸುತ್ತದೆ. ಬರೀ ಹೊಟ್ಟೆಕಿಚ್ಚೇ ಇದ್ದಿರಬಹುದು.

ಮುಚ್ಚಳದ ಒಂದೊಂದೇ ಹಲ್ಲನ್ನು ಸ್ವಲ್ಪ ಸ್ವಲ್ಪ ಸಡಿಲಿಸಿ, ತಗಡು ಬಾಗದಂತೆ ತೆಗೆದೆ. ಕುಡಿದೆ. ಮಾರನೆಯ ದಿನ ಕಾರ್ಖಾನೆಯ ಊಟದ ವಿರಾಮದಲ್ಲಿ ಪರೀಕ್ಷಾ ಕೋಣೆಯ ಬಾಗಿಲು ಹಾಕಿ, ಇನ್ನೊಂದು ಬಿಯರನ್ನು ಆ ಖಾಲಿ ಬಾಟಲಿಯೊಳಗೆ, ನೊರೆ ಏಳದಂತೆ ಗಾಜಿನ ಪಕ್ಕಕ್ಕೇ ನಿಧಾನವಾಗಿ ಇಳಿಸಿ, ಅದೇ ಮುಚ್ಚಳವನ್ನು ನಮ್ಮದೇ ಯಂತ್ರದಲ್ಲಿ ಒತ್ತಿದೆ. ಆಮೇಲೆ, ನಾಚಿಕೆಯಾಗುತ್ತದೆ, ಅಭ್ಯಾಸಬಲದಿಂದ ಅಳತೆಯ ಉಂಗುರ ಹಾಕಿ ಪರೀಕ್ಷಿಸಿದೆ. ಸರಿಯಾಗಿ ಕೂತಿತ್ತು. ಆ ಕಾರ್ಖಾನೆಯಲ್ಲಿ ಅಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ.

ನೀನು ಆರ್ಡರ್ ಕಾಗದ ಹಿಡಿದು ಬಂದ ಸಂಜೆ ನಾನು ಎರಡು ಸ್ಟೀಲ್ ಲೋಟ ತೊಳೆದೆ. ನೀನು ಮೊದಲ ಗುಟುಕು ಬಾಯಲ್ಲೇ ಇಟ್ಟುಕೊಂಡೆ. ನುಂಗಿದೆ. ಮತ್ತೊಂದು ಕುಡಿದೆ.

"ಇದಲ್ಲ ಮಾರಾಯ," ಎಂದೆ ನೀನು. ಲೇಬಲ್ ನೋಡಿದೆ, ಮುಚ್ಚಳ ನೋಡಿದೆ. "ಇದೇ. ಆದ್ರೆ ಆ ರುಚಿ ಇಲ್ವಲ್ಲ... ನಂಗೇ ಮರ್ತೋಯ್ತಾ?"

ಆಗ ಹೇಳಬಹುದಿತ್ತು. ನೀನು ನಾಲ್ಕು ಬೈಯುತ್ತಿದ್ದೆ, ಹೊಡೆಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ:

"ನೆನಪು ಅಂದ್ರೆ ಹಾಗೇ ಕಣೋ. ಚಿಕ್ಕವರಿದ್ದಾಗಿಂದು ನಾವೇ ದೊಡ್ಡದು ಮಾಡ್ಕೊಂಡಿರ್ತೀವಿ."

ನಿನಗಿಂತ ಹೆಚ್ಚು ಓದಿದವನು ಹೇಳಿದ್ದು ಎಂದು ನೀನು ನಂಬಿದೆ. "ಇರ್ಬೋದು," ಎಂದು ಲೋಟ ಖಾಲಿ ಮಾಡಿದೆ.

ಕುಡಿದದ್ದಕ್ಕಿಂತ ಆ ಮಾತೇ ದೊಡ್ಡ ತಪ್ಪು. ಅಂದಿನಿಂದ ನೀನು ಅಪ್ಪನ ಕತೆ ಹೇಳುವುದನ್ನು ನಿಲ್ಲಿಸಿದೆ. ನಾನೇ ಕೆದಕಿ ಕೇಳಿದರೂ, ಸರಿಯಾಗಿ ಗೊತ್ತಿಲ್ಲ ಎನ್ನುತ್ತಿದ್ದೆ. ಒಂದು ಭಾನುವಾರ ಆಯಿ ಫೋನಿನಲ್ಲಿ ಅಪ್ಪನ ಯಾವುದೋ ಮಾತು ನೆನಪಿಸುತ್ತಿದ್ದರು. ನೀನು ಕಿಟಕಿಯ ಕಡೆ ತಿರುಗಿಕೊಂಡು, "ಹಾಗೆ ಹೇಳ್ತಿದ್ರಾ? ನಂಗೆ ನೆನಪಿಲ್ಲ ಆಯಿ" ಎಂದೆ. ನಾನು ಚಾಪೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಆಗಲೂ ಹೇಳಲಿಲ್ಲ.

ಈಗ ಯಾವ ರಾಜ್ಯದ ಬಿಯರ್ ಬೇಕೆಂದರೂ ವೈಟ್‌ಫೀಲ್ಡಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿರುತ್ತದೆ. ಅದೊಂದನ್ನು ಬಿಟ್ಟು. ಹುಡುಕಿ ತಂದು ನಿನ್ನ ಮುಂದಿಟ್ಟು ಕ್ಷಮೆ ಕೇಳುವ ದಾರಿಯೂ ನನಗಿಲ್ಲ. ಇರುವುದು ಒಂದು ಸಾಕ್ಷಿ ಮಾತ್ರ, ಅದೂ ಕಳ್ಳನದು: ಆ ತಂಪು ಇತ್ತು, ಸುದೇಶ. ನಾಲಿಗೆಯ ಹಿಂದೆ, ನೀನು ಹೇಳಿದ ಜಾಗದಲ್ಲೇ. ನನ್ನ ಬೇರೆ ಯಾವ ನೆನಪನ್ನು ಬೇಕಾದರೂ ಅನುಮಾನಿಸುತ್ತೇನೆ. ಇದನ್ನಲ್ಲ, ಏಕೆಂದರೆ ಅದು ಇರಬಾರದೆಂದೇ ನಾನು ಕುಡಿದಿದ್ದೆ.

ಆಯಿ ಈಗ ಜಿಗಣಿಯಲ್ಲಿ ನಿನ್ನ ಜೊತೆಯೇ ಇದ್ದಾರೆಂದು ಕೇಳಿದೆ. ಈ ಭಾನುವಾರ ಬರುತ್ತೇನೆ. ನಿನ್ನನ್ನು ಹೊರಗೆ ಕರೆದು ಹೇಳುವುದಿಲ್ಲ. ಅವರ ಎದುರಿಗೇ ಹೇಳುತ್ತೇನೆ — ನಿಮ್ಮ ಮಗ ಏನನ್ನೂ ಮರೆತಿರಲಿಲ್ಲ ಎಂದು.