ಕ್ಯಾಂಪರ್ ವ್ಯಾನಿಗೊಂದು ಗಾಳಿಕಿಂಡಿ ಬೇಡವೇ?

ಕಳೆದ ಭಾನುವಾರ ಬೆಳಿಗ್ಗೆ ನನ್ನ ಮೂಗಿನ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಮಳೆಯಲ್ಲ. ನಾನು ಮಲಗಿದ್ದದ್ದು ಬಾಡಿಗೆಗೆ ತಂದ ಕ್ಯಾಂಪರ್ ವ್ಯಾನಿನೊಳಗೆ. (ಹಾಸಿಗೆ, ಒಲೆ ಎಲ್ಲ ಇರುವ ಗಾಡಿ. ಈಗ ಅದೇ ಫ್ಯಾಷನ್ನು.)

ಕಣ್ಣುಬಿಟ್ಟರೆ ಸೂರೆಲ್ಲ ಬೆವರಿದೆ. ಗಾಜಿನಿಂದ ನೀರಿಳಿದು ಹಾಸಿಗೆ ತೊಯ್ದಿದೆ. ಪಕ್ಕದಲ್ಲಿ ಹೆಂಡತಿ ಸುಧಾ ಎದ್ದು ಕೂತು ಗೊರಗೊರ ಉಸಿರೆಳೆಯುತ್ತಿದ್ದಾಳೆ. ಅವಳಿಗೆ ಆಸ್ತಮಾ. ಇನ್‌ಹೇಲರ್ ಕೊಟ್ಟು, ಶಾಲು ಹೊದಿಸಿ ಹೊರಗೆ ಕೂರಿಸಿದೆ.

ವ್ಯಾನ್ ನಿಲ್ಲಿಸಿದ್ದು ವೀರನಹೊಸಹಳ್ಳಿ ಹತ್ತಿರ, ಪರಿಚಯದ ಸ್ವಾಮಿಗೌಡರ ಹೊಲದಲ್ಲಿ. ಬಿಸಿನೀರು ತಂದ ಗೌಡರು ಒಳಗೆ ಇಣುಕಿದರು.

"ಎಲ್ಲಾ ಬಿಗಿಯಾಗಿ ಮುಚ್ಕಂಡು ಒಳಗೇ ಅನ್ನ ಬೇಯ್ಸಿದ್ರಾ ಸಾ? ಒದ್ದೆ ಟವಲ್ ಬೇರೆ ನೇತಾಕಿದೀರಿ. ನಿಮ್ಮನೇಲೂ ಒಗೆಸೊಪ್ಪು ಬೆಳೀತಿದ್ರಲ್ಲ, ಬ್ಯಾರನ್ನಿನ ಮ್ಯಾಲಿನ ಕಿಂಡಿ ತಗೀದೆ ಸೊಪ್ಪು ಬೇಯ್ಸೋರು ಯಾರಾದ್ರೂ ಅವ್ರಾ?"

ಕೆನ್ನೆಗೆ ಬಾರಿಸಿದಂತಾಯಿತು. ರಾವಂದೂರಿನಲ್ಲಿ ತಂಬಾಕು ಹದಮಾಡುವ ಬ್ಯಾರನ್ ಪಕ್ಕದಲ್ಲೇ ಬೆಳೆದವನು ನಾನು. ಹಸಿ ಸೊಪ್ಪಿನ ಆವಿ ಹೊರಹೋಗದಿದ್ದರೆ ಸೊಪ್ಪು ಕಪ್ಪಾಗುತ್ತದೆಂದು ಅಪ್ಪ ಎದ್ದೆದ್ದು ಕಿಂಡಿ ನೋಡುತ್ತಿದ್ದರು. ಅಂಥವನು, "ಬೆರಳಷ್ಟಾದ್ರೂ ಕಿಟಕಿ ತೆಗೀರಿ" ಎಂದ ಹೆಂಡತಿಗೆ "ಚಳಿ ಕಣೇ, ಸುಮ್ನೆ ಮಲ್ಕೊ" ಎಂದಿದ್ದೆ. ನನ್ನ ಬುದ್ಧಿಗಿಷ್ಟು!

ನನ್ನದಿರಲಿ, ಈ ವ್ಯಾನಿನವರಿಗೇನಾಗಿದೆ? ಸೂರಿನಲ್ಲಿದ್ದ ಗಾಳಿಕಿಂಡಿಗೆ ಸಿಲಿಕಾನ್ ಮೆತ್ತಿ ಸೀಲ್ ಮಾಡಿದ್ದಾರೆ. ಅನ್ನದ ಹಬೆ, ಇಬ್ಬರ ಉಸಿರು ಎಲ್ಲಿಗೆ ಹೋಗಬೇಕು? ತಣ್ಣನೆ ತಗಡಿಗೆ ತಾಗಿ, ನೀರಾಗಿ ನಮ್ಮ ತಲೆಮೇಲೇ ಬೀಳುತ್ತದೆ. ಕಿಟಕಿ ತೆರೆಯಿರಿ, ಅಡುಗೆ ಹೊರಗೆ ಮಾಡಿ ಎಂದು ಒಂದು ಮಾತು ಹೇಳಲಿಲ್ಲ ಪುಣ್ಯಾತ್ಮರು.

ಸುಧಾಳ ಉಸಿರು ತಹಬಂದಿಗೆ ಬಂದ ಮೇಲೆ ವ್ಯಾನಿನ ಮಾಲೀಕನಿಗೆ ಫೋನ್ ಮಾಡಿ, ಕಿಂಡಿ ಯಾಕೆ ಮುಚ್ಚಿದ್ದೀರಿ ಎಂದು ಕೇಳಿದೆ.

"ಚಳಿ ಅಂತ ಕಸ್ಟಮರ್ಸ್ ಕಂಪ್ಲೇಂಟ್ ಸಾರ್. ಅದಕ್ಕೇ ಮುಚ್ಚಿಸ್ಬಿಟ್ವಿ."

"ನನ್ನ ಹೆಂಡ್ತಿಗೆ ಉಸಿರಾಡಕ್ಕಾಗ್ಲಿಲ್ಲ ಕಣ್ರೀ."

"ಮುಗ್ಗಲು ವಾಸ್ನೆ ಇರ್ಬೇಕು. ಡ್ರಾಯರ್‌ನಲ್ಲಿ ರೂಮ್ ಫ್ರೆಶ್ನರ್ ಇದೆ ನೋಡಿ."

ಫ್ರೆಶ್ನರ್ ಅಂತೆ! ಆಸ್ತಮಾದವಳ ಮೂಗಿಗೆ! ಮೈಯೆಲ್ಲ ಉರಿದುಹೋಯಿತು. ಆತ ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಸ್ವಲ್ಪ ಒರೆಸಿ ಬೇಗ ತಂದ್ಬಿಡಿ ಸಾರ್. ಸಂಜೆ ಎಚ್.ಡಿ. ಕೋಟೆ ಕಡೆ ಇನ್ನೊಂದು ಫ್ಯಾಮಿಲಿ ಹೊರಟಿದೆ. ಮೂರು ತಿಂಗಳ ಮಗು ಬೇರೆ ಇದೆ."

"ಅವರಿಗಾದ್ರೂ ಆ ಕಿಂಡಿ ತೆಗೆಸ್ತೀರಾ?"

"ಸೀಸನ್ ಮುಗೀಲಿ ಸಾರ್, ನೋಡೋಣ."

ಆ ಮಗು ಸೀಸನ್ ಮುಗಿಯುವವರೆಗೆ ಉಸಿರು ಕಟ್ಟಿಕೊಂಡು ಮಲಗಬೇಕೇನ್ರೀ?