ತೂಬಿನ ಕೆಳಗಿನ ಮೇಷ್ಟ್ರು

ಸುವಾ ಸರೋವರದ ನೀರು ಹೊಳೆಯಾಗಿ ಹೊರಬೀಳುವ ತೂಬಿನ ಕೆಳಗೆ ಹಿರಾಬಯಾಶಿ ಮೇಷ್ಟ್ರು ದಿನವೂ ಬಲೆ ಒಡ್ಡುತ್ತಾರೆ; ಬೀಳುವುದು ಸಾಸಿವೆಗಿಂತ ಸಣ್ಣ, ನೀರಲ್ಲಿ ಕುಪ್ಪಳಿಸುವ ನೀರುಚಿಗಟವೆಂಬ ಜೀವಿಗಳು. "ಮೇಷ್ಟ್ರೇ, ಇವತ್ತು ಎಷ್ಟು ಕಿಲೋ?" ಎಂದು ಬೆಸ್ತ ತೊಕುಜಿ ಕೆಣಕಿದರೆ, "ನಿನ್ನ ಮೀನು ತಿಂದು ಉಳಿಸಿದಷ್ಟು ಕಣಪ್ಪಾ. ಹೊಳೆಗೆ ಬಿದ್ದ ಮೇಲೆ ಸೆಳವು, ಜೊಂಡು, ಮೀನು ಎಲ್ಲಾ ಸೇರಿ ಇವನ್ನ ಮುಗಿಸ್ತವೆ ಅಂತ ತಿಳಿಯೋಷ್ಟರಲ್ಲಿ ನನ್ನ ತಲೆ ಬೋಳಾಯ್ತು" ಎಂದು ತಮ್ಮನ್ನೇ ಆಡಿಕೊಂಡು ನಗುತ್ತಾರೆ. ಬಲೆಗೆ ಬಿದ್ದದ್ದನ್ನು ಎಣಿಸಿ ನೋಡುವುದೆಲ್ಲ ಮುಗಿದ ಮೇಲೆ ಬದುಕುಳಿದ ಜೀವಗಳನ್ನು ಬಕೆಟ್ಟಿನಲ್ಲಿ ಹೊತ್ತು, ಮಂಡಿನೋವಿಗೆ ನರಳುತ್ತ ದಂಡೆ ಹತ್ತಿ, ಮತ್ತೆ ಸರೋವರಕ್ಕೇ ಸುರಿಯುತ್ತಾರೆ. "ಇಲ್ಲೇ ಹೊಳೆಗೆ ಚೆಲ್ಲಬಾರದಾ?" ಎಂದು ತೊಕುಜಿ ಒಮ್ಮೆ ಕೇಳಿದ. "ಅವೇನು ಬೇಕು ಅಂತ ಇಳಿದು ಬಂದವಾ? ತೂಬು ಎತ್ತಿದೋರು ನಾವು" ಎಂದರು ಮೇಷ್ಟ್ರು, ನಗಲಿಲ್ಲ. ತೊಕುಜಿ ಬಕೆಟ್ಟನ್ನು ಇಸಿದುಕೊಂಡು ದಂಡೆ ಹತ್ತತೊಡಗಿದ.