ಷಡ್ಡಕನದಕ್ಕಿಂತ ದೊಡ್ಡ ಯಂತ್ರ

ನಿವೃತ್ತ ಬಸ್ ಚಾಲಕರಿಗೆ ಪಕ್ಕದ ಮನೆಯಲ್ಲೇ ಇದ್ದ ಷಡ್ಡಕನನ್ನು ಕಂಡರೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಆತ ಬಿದ್ದ ಎಲೆಗಳನ್ನು ಗಾಳಿ ಊದಿ ಸರಿಸುವ ಪೆಟ್ರೋಲ್ ಯಂತ್ರ ತಂದ ಮೇಲಂತೂ ಇವರಿಗೆ ಅನ್ನ ರುಚಿಸದಂತಾಯಿತು. ಇವರು ಬೆನ್ನು ಬಗ್ಗಿಸಿ ಪೊರಕೆ ಆಡಿಸುವಾಗಲೇ ಆಚೆ ಕಡೆ ಎಲೆಗಳು ತಾವಾಗಿ ಓಡುತ್ತಿದ್ದವು.

"ಭಾವನ ಅಂಗಳ ಕನ್ನಡಿ ಥರ ಇದೆ ನೋಡಿ," ಎಂದಳು ಹೆಂಡತಿ. ಚಾಲಕರು ಪೊರಕೆ ಎಸೆದು ಅಂಗಡಿಗೆ ನಡೆದರು.

"ಇರೋದ್ರಲ್ಲೇ ದೊಡ್ಡದು ಕೊಡಿ. ಸದ್ದು ಪಕ್ಕದ ಮನೆಗೆ ಕೇಳಿಸ್ಬೇಕು!"

"ದೊಡ್ಡದನ್ನ ಬೆನ್ನಿಗೆ ಹಾಕ್ಕೊಬೇಕು, ಮೊದಲು ಹಾಕ್ಕೊಂಡು ನೋಡಿ ಸಾರ್," ಎಂದ ಅಂಗಡಿಯವನು.

ಹಾಕಿಕೊಂಡ ಚಾಲಕರು ಭಾರಕ್ಕೆ ಹಿಂದಕ್ಕೆ ವಾಲಿ ಮೇಜು ಹಿಡಿದುಕೊಂಡರು. ಅಂಗಡಿಯವನು ಕೈಯಲ್ಲಿ ಹಿಡಿಯುವ ಚಿಕ್ಕದೊಂದನ್ನು ತಂದು, ಹಗ್ಗ ಎಳೆದು ಚಾಲೂ ಮಾಡಿ, ಬಿಸಿಯಾದ ಮೇಲೆ ಆರಿಸಿ, ಮತ್ತೆ ಹಗ್ಗ ಎಳೆದ. ಒಂದೇ ಎಳೆತಕ್ಕೆ ಚಾಲೂ ಆಯಿತು. ಎಂಜಿನ್ನಿನ ಸದ್ದು ಬಲ್ಲ ಚಾಲಕರಿಗೆ ಇದು ಕೈಕೊಡುವುದಿಲ್ಲ ಎಂದು ಗೊತ್ತಾಯಿತು. ಆದರೂ ಷಡ್ಡಕನದಕ್ಕಿಂತ ಚಿಕ್ಕದಾಯಿತಲ್ಲ ಎಂದು ಹೊಟ್ಟೆ ಉರಿಯಿತು.

"ನಮ್ಮ ಪಕ್ಕದ ಮನೆಯವರು ನಿಮ್ಮ ಹತ್ರಾನೇ ದೊಡ್ಡದು ತಗೊಂಡ್ರಲ್ಲ?"

"ಅವರಾ? ಸೊಂಟ ಹಿಡ್ಕೊಂಡಿದೆ, ವಾಪಸ್ ತಗೋತೀರಾ ಅಂತ ನಿನ್ನೆ ಬಂದಿದ್ರು."

ಚಾಲಕರು ಚಿಕ್ಕದನ್ನೇ ಕೊಂಡರು.

ಸಂಜೆ ಚಾಲಕರು ಅಂಗಳದಲ್ಲಿ ಯಂತ್ರ ಓಡಿಸುತ್ತಿದ್ದಾಗ ಷಡ್ಡಕ ಗೋಡೆಯಾಚೆಯಿಂದ ಇಣುಕಿದ. "ಭಾರ ಇಲ್ವೇನಯ್ಯಾ?"

"ಹೂವೆತ್ತಿದ ಹಾಗಿದೆ ಭಾವ."

ಷಡ್ಡಕನ ಮುಖ ಸಣ್ಣಗಾಯಿತು. ಅಂಗಳದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಆದರೂ ಆತ ಒಳಗೆ ಹೋಗುವವರೆಗೆ ಚಾಲಕರು ಯಂತ್ರ ನಿಲ್ಲಿಸಲಿಲ್ಲ.